ಗತಿಸಿದ ಕಂಪನಿಯ ಗಾಡಿ

ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಳ್ಳುವ ವಿಚಾರ ಸಾಹಿತ್ಯದ ಪುಟಕ್ಕೆ ಹೇಗೆ ಕಾಲಿಟ್ಟಿತು ಎಂದು ಓದುಗರು ಹುಬ್ಬೇರಿಸಿದರೆ ಅದು ಸಹಜವೇ. ಕಾವ್ಯಮೀಮಾಂಸೆಯ ಪಾಠ ಹೇಳುವವರಿಗೆ ಪಿಸ್ಟನ್ನಿನ ಗೊಡವೆ ಏಕೆಂದು ನನ್ನ ಸಹೋದ್ಯೋಗಿಗಳೂ ಕೇಳಿದ್ದುಂಟು. ನನ್ನ ಸಮಾಧಾನ ಇಷ್ಟೆ: ಈಚಿನ ಎರಡು ಮೂರು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ಪಂಪನ ವಿಷಯವಾಗಿ ಕೇಳಿರುವ ಪ್ರಶ್ನೆಗಳಿಗಿಂತ ಯೆಜ್ಡಿಯ ವಿಷಯವಾಗಿ ಕೇಳಿರುವ ಪ್ರಶ್ನೆಗಳೇ ಹೆಚ್ಚು. ನಾನು ಹನ್ನೊಂದು ವರ್ಷಗಳಿಂದ 1986ರ ರೋಡ್‌ಕಿಂಗ್ ಒಂದನ್ನು ಓಡಿಸುತ್ತಿರುವುದನ್ನು ಅವರು ನಿತ್ಯವೂ ಕಾಣುತ್ತಾರೆ. ಕಾಣುವುದಕ್ಕೆ ಮುಂಚೆಯೇ ಅದರ ಸದ್ದನ್ನು ಕೇಳುತ್ತಾರೆ. ತರಗತಿ ಮುಗಿದ ಮೇಲೆ ಒಬ್ಬ ಹಿಂದೆಯೇ ಬಂದು, “ಸಾರ್, ನಮ್ಮೂರಲ್ಲಿ ಒಬ್ರ ಹತ್ರ ಒಂದು ಯೆಜ್ಡಿ ನಿಂತಿದೆ, ತಗೋಬಹುದಾ?” ಎನ್ನುತ್ತಾನೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರವನ್ನು ಇಲ್ಲಿ ಒಟ್ಟಾಗಿ ಹೇಳುತ್ತಿದ್ದೇನೆ. ಕೊಳ್ಳಬಹುದು, ಓಡಿಸುವುದಾದರೆ. ನಿಲ್ಲಿಸಿ ನೋಡುವುದಕ್ಕೆಂದಾದರೆ ದಯವಿಟ್ಟು ಬೇಡ. ಈ ಎರಡನೆಯ ಮಾತು ಅನೇಕರಿಗೆ ಹಿಡಿಸುವುದಿಲ್ಲ. ಅದಕ್ಕೆ ಕಾರಣ ಕೊಡುವುದೇ ಈ ಬರಹದ ಉದ್ದೇಶ.

ಪದನಿಷ್ಪತ್ತಿಯಿಂದ ಹೊರಡುವುದು ನಮ್ಮ ವೃತ್ತಿಯವರ ಚಾಳಿ, ಓದುಗರು ಸಹಿಸಿಕೊಳ್ಳಬೇಕು. ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಯಾವ ನಂಟೂ ಇಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಪಡೆದು ತಯಾರಿಕೆ ಆರಂಭಿಸಿದ. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಆ ಕಂಪನಿಯ ಹೆಸರಿನ ಮೊದಲೆರಡನ್ನು ಜೋಡಿಸಿದ. ಚೆಕ್ಕರ ನಾಲಗೆಯಲ್ಲಿ ಅದು ‘ಯಾವಾ’. ಆ ಯಾವಾ ಮೈಸೂರಿಗೆ ಬಂದು ಜಾವಾ ಆಯಿತು. ರುಸ್ತುಂ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಕೆಲಸ ಆರಂಭಿಸಿತು. ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದ ನೆನಪಿಗೆ ಇಟ್ಟ ಹೆಸರೆಂದು ಕೆಲವರು; ಚೆಕ್ ಭಾಷೆಯಲ್ಲಿ ‘ಯೆಜ್ದೀ’ ಎಂದರೆ ಗಾಡಿಯಲ್ಲಿ ಹೋಗುತ್ತಾನೆ ಎಂಬ ಅರ್ಥವಿರುವುದರಿಂದ ಅಲ್ಲಿಂದಲೇ ಬಂದದ್ದೆಂದು ಮತ್ತೆ ಕೆಲವರು. ಎರಡೂ ಕೂಡಿಬಂದಿದ್ದರೆ ಅದನ್ನು ಶ್ಲೇಷೆಯೆಂದು ಕರೆಯಲು ನನಗೆ ಅಭ್ಯಂತರವಿಲ್ಲ.

ಮೂವತ್ತೈದು ವರ್ಷ ನಡೆದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಕೊನೆಯ ಹತ್ತು ವರ್ಷಗಳಲ್ಲಿ, ಜಪಾನಿನ ತಂತ್ರಜ್ಞಾನದಿಂದ ತಯಾರಾದ ನೂರು ಸಿ.ಸಿ.ಯ ಗಾಡಿಗಳು ಅದೇ ಒಂದು ಲೀಟರ್ ಪೆಟ್ರೋಲಿನಲ್ಲಿ ಎರಡರಷ್ಟು ದೂರ ಹೋಗತೊಡಗಿದ್ದವು. ಹೊಗೆಯ ನಿಯಮಗಳೂ ಬಿಗಿಯಾಗುತ್ತಿದ್ದವು. ಕಾರ್ಮಿಕರ ಸಮಸ್ಯೆಗಳೂ ಇದ್ದವು. ಆ ಕಥೆ ದುಃಖದ್ದಾದರೂ ಅಪರೂಪದ್ದಲ್ಲ. ನನಗೆ ಇಲ್ಲಿ ಬೇಕಾಗಿರುವುದು ಮುಂದಿನ ಕಥೆ. ತಯಾರಿಸಿದವರು ಹೋದ ಮೇಲೆಯೂ ಗಾಡಿಗಳು ಹೋಗಲಿಲ್ಲ. ಸುಮಾರು ಮೂವತ್ತು ವರ್ಷಗಳಿಂದ, ತಮ್ಮದೆಂದು ಹೇಳಿಕೊಳ್ಳುವ ಒಂದು ಕಂಪನಿಯಾಗಲಿ ಷೋರೂಮಾಗಲಿ ಇಲ್ಲದೆ, ನಮ್ಮ ರಸ್ತೆಗಳ ಮೇಲೆ ಅವು ಓಡುತ್ತಲೇ ಇವೆ. ಅವನ್ನು ಓಡಿಸುತ್ತಿರುವವರು ಯಾರು?

ಈ ಪ್ರಶ್ನೆಗೆ ಉತ್ತರ ಸಿಕ್ಕಬೇಕಾದರೆ ಒಂದು ಗಾಡಿಯನ್ನು ಕೊಳ್ಳುವ ಕ್ರಮವನ್ನೇ ನೋಡಬೇಕು. ಬದುಕಿರುವ ಕಂಪನಿಯ ಹಳೆಯ ಗಾಡಿಯನ್ನು ಕೊಳ್ಳುವಾಗ ಒಂದು ಧೈರ್ಯವಿರುತ್ತದೆ. ಏನು ಕೆಟ್ಟರೂ ಎಲ್ಲೋ ಒಂದು ಕೌಂಟರಿನಲ್ಲಿ ಬಿಡಿಭಾಗದ ನಂಬರು ಹೇಳಿ ಕೊಳ್ಳಬಹುದು. ಗತಿಸಿದ ಕಂಪನಿಯ ಗಾಡಿಗೆ ಆ ಆಸರೆಯಿಲ್ಲ. ಅದನ್ನು ನೋಡಲು ಹೋಗುವವರಿಗೆ ನಾನು ಮೊದಲು ಹೇಳುವುದು, ನೀವು ಹೋಗುವ ಹೊತ್ತಿಗೆ ಮಾರುವವರು ಎಂಜಿನ್ನನ್ನು ಬಿಸಿಮಾಡಿ ಇಟ್ಟಿರಬಾರದು ಎಂಬುದು. ಬಿಸಿಯಾದ ಎಂಜಿನ್ನು ಅತಿಥಿಗಳ ಮುಂದೆ ಕುಳಿತ ಮಗುವಿನ ಹಾಗೆ, ಅದರ ನಿಜಸ್ವಭಾವ ತಿಳಿಯುವುದಿಲ್ಲ. ತಣ್ಣಗಿರುವುದನ್ನು ನೀವೇ ಒದ್ದು ಎಬ್ಬಿಸಬೇಕು. ಜಾವಾ ಯೆಜ್ಡಿಗಳಲ್ಲಿ ಇದಕ್ಕೂ ಒಂದು ವೈಚಿತ್ರ್ಯವುಂಟು. ಎಡಗಡೆಯಿರುವ ಗೇರಿನ ಸನ್ನೆಯೇ ಕಿಕ್ಕರು ಕೂಡ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರಾಗುತ್ತದೆ, ಎಂಜಿನ್ನು ಎದ್ದ ಮೇಲೆ ಮರಳಿ ಕೆಳಗಿಳಿದು ಗೇರಾಗುತ್ತದೆ. ಅರಿಯದವರ ಕಾಲಿಗೆ ಅದು ಹಿಂದೆ ಒದೆಯುವುದೂ ಉಂಟು. ಈ ಪರಿಚಯವಾಗದೆ ಯಾರೂ ಯೆಜ್ಡಿಯ ಒಡೆಯರಾಗುವುದಿಲ್ಲ.

ಎಂಜಿನ್ನು ಎದ್ದ ಮೇಲೆ ಹೊಗೆಯನ್ನು ನೋಡಬೇಕು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಉರಿಯುತ್ತದೆ. ಮೊದಮೊದಲು ಹೊಗೆ ಬರುವುದು ತಪ್ಪಲ್ಲ. ಆದರೆ ಹತ್ತು ನಿಮಿಷ ಓಡಿ ಬಿಸಿಯಾದ ಮೇಲೂ ಎರಡು ಸೈಲೆನ್ಸರುಗಳಿಂದ ಬೆಳ್ಳನೆಯ ದಟ್ಟ ಹೊಗೆ ಬರುತ್ತಿದ್ದರೆ ಎಡಗಡೆಯ ಕ್ರ್ಯಾಂಕಿನ ಆಯಿಲ್ ಸೀಲು ಸವೆದು ಗೇರಿನ ಎಣ್ಣೆ ಎಂಜಿನ್ನಿನೊಳಕ್ಕೆ ಸೋರುತ್ತಿದೆ ಎಂದು ತಿಳಿಯಬೇಕು. ಸೀಲಿನ ಬೆಲೆ ಅತ್ಯಲ್ಪ. ಅದನ್ನು ಹಾಕಲು ಬಿಚ್ಚಬೇಕಾದದ್ದು ಅನಲ್ಪ. ಸಿಲಿಂಡರನ್ನು ಎಷ್ಟು ಸಲ ಬೋರ್ ಮಾಡಿಸಿದ್ದಾರೆ ಎಂದು ಕೇಳಬೇಕು. ಪ್ರತಿ ಸಲವೂ ಗೋಡೆ ತೆಳುವಾಗಿ ಪಿಸ್ಟನ್ನು ದಪ್ಪವಾಗುತ್ತದೆ, ಒಂದು ಹಂತದ ಮೇಲೆ ಹೊಸ ಸ್ಲೀವು ಹಾಕದೆ ಗತಿಯಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ತುಕ್ಕು ನೋಡಬೇಕು. ಬ್ರೇಕಿನ ವಿಷಯದಲ್ಲಿ ನಿರೀಕ್ಷೆಯನ್ನೇ ತಗ್ಗಿಸಿಕೊಳ್ಳತಕ್ಕದ್ದು.

ಇದೆಲ್ಲ ಮೆಕ್ಯಾನಿಕ್ಕಿನ ವಿದ್ಯೆ. ನನ್ನ ಸ್ವಂತ ವಿದ್ಯೆಗೆ ಕೆಲಸ ಬರುವುದು ಆಮೇಲೆ. ಹಳೆಯ ಗಾಡಿಯೊಂದು ಹಳೆಯ ಓಲೆಗರಿಯ ಪ್ರತಿಯಂತೆ ಹತ್ತಾರು ಕೈಗಳನ್ನು ದಾಟಿ ಬಂದಿರುತ್ತದೆ. ಪ್ರತಿಯೊಬ್ಬ ಲಿಪಿಕಾರನೂ ತನ್ನದೊಂದು ತಿದ್ದುಪಡಿಯನ್ನು ಸೇರಿಸಿರುತ್ತಾನೆ. ಟ್ಯಾಂಕು ಕ್ಲಾಸಿಕ್ಕಿನದು, ಮಡ್‌ಗಾರ್ಡು ರೋಡ್‌ಕಿಂಗಿನದು, ಕಾರ್ಬುರೇಟರು ಇನ್ಯಾವುದೋ ಗಾಡಿಯದು. ಇವು ಪಾಠಾಂತರಗಳು, ಸಹಿಸಬಹುದು. ಆದರೆ ಚಾಸಿಸ್ಸಿನ ಮೇಲೆ ಕೊರೆದ ನಂಬರು ಒಂದು, ಆರ್.ಸಿ. ಪುಸ್ತಕದಲ್ಲಿರುವುದು ಇನ್ನೊಂದು ಎಂದಾದರೆ, ಕವಿ ಒಬ್ಬ ಅಂಕಿತ ಮತ್ತೊಬ್ಬನದು ಎಂದಂತಾಯಿತು. ಅಂಥ ಕೃತಿಯನ್ನು ಮುಟ್ಟಬಾರದು. ಎಂಜಿನ್ನಿನ ನಂಬರನ್ನೂ ಹೀಗೆಯೇ ತಾಳೆ ನೋಡಬೇಕು. ಕೆ.ಎ. ಅಕ್ಷರಗಳು ಬರುವುದಕ್ಕೆ ಮುಂಚೆ ಎಂ.ವೈ., ಸಿ.ಎ. ಎಂದು ಆರಂಭವಾಗುತ್ತಿದ್ದ ನಂಬರುಗಳಿದ್ದವು. ಆ ನಂಬರಿನ ಎಷ್ಟೋ ಗಾಡಿಗಳ ದಾಖಲೆ ಇನ್ನೂ ಆರ್.ಟಿ.ಓ. ಕಚೇರಿಯ ಹಳೆಯ ರಿಜಿಸ್ಟರುಗಳಲ್ಲಿಯೇ ಉಳಿದು ಕಂಪ್ಯೂಟರಿಗೆ ಏರಿಲ್ಲ. ಏರಿಸಿಕೊಂಡ ಮೇಲೆಯೇ 29, 30ನೆಯ ಫಾರಮುಗಳಲ್ಲಿ ಹೆಸರು ಬದಲಾಯಿಸಲು ಸಾಧ್ಯ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ಆ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2000 ರೂಪಾಯಿಗೆ ಏರಿಸಿದ್ದಾರೆ. “ಪೇಪರ್ ಆಮೇಲೆ ಮಾಡಿಸಿಕೊಡ್ತೀನಿ” ಎನ್ನುವವರಿಗೆ “ಹಣವನ್ನೂ ಆಮೇಲೆಯೇ ಕೊಡ್ತೀನಿ” ಎನ್ನುವುದು ಸಭ್ಯವಾದ ಉತ್ತರ.

ಬಿಡಿಭಾಗಗಳು ಎಲ್ಲಿಂದ ಬರುತ್ತವೆ? ಕಾರ್ಖಾನೆ ನಿಂತ ಹೊತ್ತಿಗೆ ಅಂಗಡಿಗಳಲ್ಲಿ ಉಳಿದಿದ್ದ ಅಸಲು ಮಾಲು ಕರಗಿಹೋಗುತ್ತಿದೆ. ಸಣ್ಣ ವರ್ಕ್‌ಷಾಪುಗಳು ಮಾಡುವ ನಕಲುಗಳು ಬೇಕಾದಷ್ಟಿವೆ, ಅವುಗಳಲ್ಲಿ ಲೋಹದವು ಪರವಾಗಿಲ್ಲ, ರಬ್ಬರಿನವು ಸಾಲದು. ಮೂರನೆಯದು ಬಿಚ್ಚಿದ ಗಾಡಿಗಳು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಂದು ಬೆಳಿಗ್ಗೆ ಅಲೆದರೆ ಒಂದು ಹಬ್ಬು, ಅದೃಷ್ಟವಿದ್ದರೆ ಒಂದು ಕ್ರ್ಯಾಂಕು. ಈ ಮೂರರಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ, ಯಾವುದನ್ನು ಲೇತಿಗೆ ಕೊಟ್ಟು ಎಷ್ಟು ಕೆರೆಸಿದರೆ ಕೂರುತ್ತದೆ ಎಂಬುದನ್ನು ಹೇಳಬಲ್ಲವರು ಬೇಕು. ಅವರೇ ನಾನು ಮೇಲೆ ಕೇಳಿದ ಪ್ರಶ್ನೆಗೆ ಉತ್ತರ.

ನನ್ನ ಗಾಡಿಯನ್ನು ನೋಡಿಕೊಳ್ಳುವವರನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಾರೆ. ಹುಡುಗರಾಗಿದ್ದಾಗ ಯಾದವಗಿರಿಯ ಕಾರ್ಖಾನೆಯನ್ನು ಸೇರಿ ಎಂಜಿನ್ನು ಜೋಡಿಸುವ ವಿಭಾಗದಲ್ಲಿ ಕೆಲಸ ಕಲಿತವರು. ಅದು ಮುಚ್ಚಿದ ಮೇಲೆ ಒಂದು ಶೆಡ್ಡು ಬಾಡಿಗೆಗೆ ಹಿಡಿದರು. ಈಗ ಅರವತ್ತು ದಾಟಿದೆ. ಇಗ್ನಿಷನ್ ಪಾಯಿಂಟು ಯಾವ ಕ್ಷಣದಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಅವರು ಅಳೆಯುವುದು ಸಿಗರೇಟಿನ ತೆಳುಕಾಗದದ ಚೂರಿನಿಂದ. ಪಾಯಿಂಟಿನ ನಡುವೆ ಅದನ್ನು ಸಿಕ್ಕಿಸಿ, ಒಂದು ಕೈಯಿಂದ ಮೆಲ್ಲಗೆ ಎಳೆಯುತ್ತ ಇನ್ನೊಂದು ಕೈಯಿಂದ ಎಂಜಿನ್ನನ್ನು ತಿರುಗಿಸುತ್ತಾರೆ. ಕಾಗದ ಸಡಿಲವಾಗಿ ಜಾರಿದ ಗಳಿಗೆಯೇ ಕಿಡಿ ಹಾರುವ ಗಳಿಗೆ. ಇದನ್ನು ನಾನು ಹತ್ತು ಸಲ ನೋಡಿದ್ದೇನೆ, ನಾಲ್ಕು ಸಲ ಅವರ ಎದುರಿಗೇ ಮಾಡಿದ್ದೇನೆ. ಕಾಗದ ಸಡಿಲವಾಗುವುದು ನನ್ನ ಬೆರಳಿಗೆ ತಿಳಿಯುವುದಕ್ಕೂ ಅವರ ಬೆರಳಿಗೆ ತಿಳಿಯುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಗ್ರಂಥದಲ್ಲಿಯೂ ಬರೆದಿಡಲಾಗದು. ಅವರ ಇಬ್ಬರು ಮಕ್ಕಳೂ ಬೇರೆ ಕೆಲಸಗಳಲ್ಲಿದ್ದಾರೆ. “ಮುಂಚೆ ವಾರಕ್ಕೆ ಹತ್ತು ಗಾಡಿ ಬರ್ತಿದ್ವು ಮೇಷ್ಟ್ರೆ, ಈಗ ತಿಂಗಳಿಗೆ ನಾಲ್ಕು. ಬರೋವೂ ಬಣ್ಣ ಹೊಡೆಸೋಕೆ ಬರ್ತವೆ” ಎಂದು ಅವರು ಹೋದ ದಸರೆಯಲ್ಲಿ ಹೇಳಿದರು.

ಆ ಕೊನೆಯ ಮಾತಿನಲ್ಲಿ ನನ್ನ ತಕರಾರೆಲ್ಲ ಅಡಗಿದೆ. ಇಪ್ಪತ್ತು ವರ್ಷಗಳ ಹಿಂದೆ ಯೆಜ್ಡಿಗೆ ಗಿರಾಕಿಯೇ ಇರಲಿಲ್ಲ. ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಎರಡು ಕಡೆಗೂ ಹಾಲಿನ ಕ್ಯಾನು ತೂಗಿಕೊಂಡು, ಕಬ್ಬಿನ ಗದ್ದೆಯ ಬದುವಿನ ಮೇಲೆ ಅದು ಸುಖವಾಗಿ ಓಡಾಡಿಕೊಂಡಿತ್ತು. ಈಗ ಅದಕ್ಕೆ ಮಾನ ಬಂದಿದೆ. ಮಾನದ ಹಿಂದೆ ಬೆಲೆ ಬಂದಿದೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ಅಭಿಮಾನಿಗಳಿದ್ದಾರೆ. ಅವರಲ್ಲಿ ಬಹುಮಂದಿ ಓಡಿಸುವವರು, ಅವರಿಗೆ ನನ್ನ ನಮಸ್ಕಾರ. ನಾನು ಹೇಳುತ್ತಿರುವುದು ಬೇರೆಯವರನ್ನು. ನಗರದ ಒಂದು ಕಾಫಿ ಹೋಟೆಲಿನಲ್ಲಿ ಯೆಜ್ಡಿಯೊಂದನ್ನು ಗೋಡೆಗೆ ಬಿಗಿದು ಮೇಲಿನಿಂದ ದೀಪ ಬಿಟ್ಟಿರುವುದನ್ನು ಕಂಡಿದ್ದೇನೆ. ಎಂಜಿನ್ನಿನ ಹೊಟ್ಟೆ ಖಾಲಿ. ಕ್ರೋಮಿನ ಲೇಪ ಮಾತ್ರ ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತ ಹೊಳೆಯುತ್ತಿತ್ತು. ಹೀಗೆ ಗೋಡೆಯನ್ನೋ ಹಜಾರವನ್ನೋ ಸೇರಿದ ಪ್ರತಿಯೊಂದು ಗಾಡಿಯೂ ಮೇಸ್ತ್ರಿಯ ಶೆಡ್ಡಿಗೆ ಬರುವುದು ನಿಲ್ಲುತ್ತದೆ. ಆಯಿಲ್ ಸೀಲು ಮಾಡುವ ಸಣ್ಣ ವರ್ಕ್‌ಷಾಪಿಗೆ ಒಂದು ಗಿರಾಕಿ ಕಡಮೆಯಾಗುತ್ತದೆ. ಅಷ್ಟೇ ಅಲ್ಲ, ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯನೋ ಒಬ್ಬ ವಿದ್ಯಾರ್ಥಿಯೋ ಕೊಂಡು ಓಡಿಸಬಹುದಾಗಿದ್ದ ಗಾಡಿ ಅವನ ಕೈಗೆ ನಿಲುಕದ ಬೆಲೆಗೆ ಏರುತ್ತದೆ. ಗಾಡಿಯನ್ನು ಉಳಿಸಿದೆವೆಂದು ಸಂಗ್ರಾಹಕರು ಸಂತೋಷಪಡುತ್ತಿರುವಾಗಲೇ ಗಾಡಿಯ ವಿದ್ಯೆ ನಶಿಸುತ್ತಿರುತ್ತದೆ.

ಇದನ್ನೇ ಸರಕಾರದ ನಿಯಮವೂ ಪ್ರೋತ್ಸಾಹಿಸುತ್ತಿರುವುದು ನನಗೆ ಸೋಜಿಗ. 2021ರ ಜುಲೈನಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. ಶುಲ್ಕ 20,000 ರೂಪಾಯಿ. ನಂಬರಿನ ನಡುವೆ ವಿ.ಎ. ಎಂಬ ಅಕ್ಷರಗಳು. 1973ರ ಮೊದಲ ಯೆಜ್ಡಿಗಳು 2023ರಲ್ಲಿ ಈ ಗೌರವಕ್ಕೆ ಅರ್ಹವಾದವು. ಆದರೆ ಈ ಗೌರವ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ಅದು ರಸ್ತೆಗಿಳಿಯಬಹುದು. ನಿಯಮ ಮಾಡಿದವರ ಮನಸ್ಸಿನಲ್ಲಿ ಮಹಾರಾಜರ ಕಾಲದ ಕಾರುಗಳಿದ್ದವೆಂದು ತೋರುತ್ತದೆ. ಅವುಗಳಿಗೆ ಇದು ಸರಿಯಿರಬಹುದು. ಗುಮಾಸ್ತನನ್ನು ಕಚೇರಿಗೂ ಅವನ ಹೆಂಡತಿಯನ್ನು ತವರಿಗೂ ಕರೆದೊಯ್ಯಲು ಹುಟ್ಟಿದ ಗಾಡಿಗೆ ಓಡಬೇಡವೆಂಬ ಷರತ್ತಿನ ಮೇಲೆ ಸನ್ಮಾನ ಮಾಡುವುದು, ಹಾಡಬಾರದೆಂದು ಹೇಳಿ ಸಂಗೀತಗಾರನಿಗೆ ಶಾಲು ಹೊದಿಸಿದ ಹಾಗೆ. ನಮ್ಮ ಹಿರಿಯರು ಜೀರ್ಣೋದ್ಧಾರಕ್ಕೆ ಹೊಸದನ್ನು ಕಟ್ಟಿದ್ದಕ್ಕಿಂತ ಹೆಚ್ಚಿನ ಪುಣ್ಯವೆಂದು ಬಗೆದರು. ಆದರೆ ಅವರು ಕೆರೆಯನ್ನು ಜೀರ್ಣೋದ್ಧಾರ ಮಾಡಿದ್ದು ಗದ್ದೆಗೆ ನೀರು ಬಿಡುವುದಕ್ಕೆ.

ನನ್ನ ವಾದಕ್ಕೆ ಎದುರಾಗಿ ಬಲವಾದ ಮಾತೊಂದುಂಟು. ಅದನ್ನು ಮರೆಸಿ ಮುಂದೆ ಹೋಗಲಾಗದು. ಈ ಗಾಡಿ ಹೊಗೆ ಉಗುಳುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಗೆ ಹೋಗುತ್ತದೆ, ಎಣ್ಣೆಯೂ ಉರಿಯುತ್ತದೆ. ನಗರದ ಗಾಳಿಯ ಸ್ಥಿತಿಯನ್ನು ಬಲ್ಲ ಯಾವ ಅಧ್ಯಾಪಕನೂ ಇದನ್ನು ತಳ್ಳಿಹಾಕಲಾರ. ಆದ್ದರಿಂದ ಎಲ್ಲರೂ ಯೆಜ್ಡಿ ಕೊಳ್ಳಿರೆಂದು ನಾನು ಡಂಗುರ ಸಾರುತ್ತಿಲ್ಲ. ಉಳಿದಿರುವ ಗಾಡಿಗಳೇ ಕೆಲವು. ಅವುಗಳಲ್ಲಿ ಸುಸ್ಥಿತಿಯಲ್ಲಿರುವುದನ್ನು, ಲೀಟರಿಗೆ 30ರಿಂದ 40 ಮಿಲಿಲೀಟರಿನಷ್ಟು ಒಳ್ಳೆಯ 2ಟಿ ಎಣ್ಣೆಯನ್ನು ಅಳೆದು ಬೆರೆಸಿ, ಸೀಲು ಕಾರ್ಬುರೇಟರುಗಳನ್ನು ಸರಿಯಾಗಿಟ್ಟುಕೊಂಡು, ದಿನಕ್ಕೆ ಆರೇಳು ಮೈಲಿ ಓಡಿಸಿದರೆ ಆಗುವ ಕೇಡು ಅಲ್ಪ. ಕೆಟ್ಟ ಹೊಗೆ ಬರುವುದು ಬಹುಮಟ್ಟಿಗೆ ಕೈತಪ್ಪಿದ ಗಾಡಿಗಳಿಂದ. ಕೈತಪ್ಪುವುದು ನೋಡಿಕೊಳ್ಳುವವರು ಇಲ್ಲವಾದಾಗ. ಮೇಸ್ತ್ರಿಗಳು ಉಳಿಯಬೇಕೆಂಬುದಕ್ಕೆ ಇದೂ ಒಂದು ಕಾರಣವಲ್ಲವೆ?

ಇನ್ನೊಂದು ತೊಡಕು ಈಚಿನದು. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತಿದೆ. ಯೆಜ್ಡಿಯನ್ನು ರೂಪಿಸಿದ ಕಾಲದಲ್ಲಿ ಈ ಮಿಶ್ರಣವನ್ನು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ತುಕ್ಕು ಹಿಡಿಯುತ್ತದೆ. ನಿತ್ಯ ಓಡುವ ಗಾಡಿಯಲ್ಲಿ ಪೆಟ್ರೋಲು ಖಾಲಿಯಾಗುತ್ತ ತುಂಬುತ್ತ ಇರುವುದರಿಂದ ಈ ಬಾಧೆ ಕಡಮೆ. ಕೊಳವೆಗಳನ್ನು ಮಾತ್ರ ಹೊಸ ಬಗೆಯ ರಬ್ಬರಿನವಾಗಿ ಬದಲಾಯಿಸಿಕೊಳ್ಳಬೇಕು.

“ಹಾಗಾದರೆ ಹೊಸ ಯೆಜ್ಡಿಯನ್ನೇ ಕೊಳ್ಳಬಹುದಲ್ಲ” ಎನ್ನುವವರಿದ್ದಾರೆ. ನಿಜ, ಮಹೀಂದ್ರದವರಿಗೆ ಸೇರಿದ ಸಂಸ್ಥೆಯೊಂದು 2018ರಲ್ಲಿ ಜಾವಾ ಹೆಸರನ್ನೂ 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮರಳಿ ಮಾರುಕಟ್ಟೆಗೆ ತಂದಿತು. ಯೆಜ್ಡಿ ಎಂಬ ಹೆಸರಿನ ಒಡೆತನಕ್ಕಾಗಿ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯವೂ ನಡೆಯಿತು. ಆ ಗಾಡಿಗಳು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುತ್ತವೆ. ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ ಎಂಜಿನ್ನು. ಒಳ್ಳೆಯ ಗಾಡಿಗಳೇ ಇರಬಹುದು, ನಾನು ಅವುಗಳ ಶತ್ರುವಲ್ಲ. ಆದರೆ ಅವುಗಳಿಂದ ನನ್ನ ಮೇಸ್ತ್ರಿಯ ವಿದ್ಯೆಗೆ ಆಗಬೇಕಾದದ್ದು ಏನೂ ಇಲ್ಲ. ಸಿಗರೇಟಿನ ಕಾಗದಕ್ಕೆ ಅಲ್ಲಿ ಜಾಗವಿಲ್ಲ.

ನನ್ನ ಸಲಹೆ ಎರಡು. ವಿಂಟೇಜ್ ನೋಂದಣಿ ಪಡೆದ ದ್ವಿಚಕ್ರಗಳಿಗೆ, ಕ್ಷಮತೆಯ ಪರೀಕ್ಷೆಯಲ್ಲಿಯೂ ಹೊಗೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದಲ್ಲಿ, ಮಿತವಾದ ದಿನಬಳಕೆಗೆ ಅನುಮತಿ ಕೊಡತಕ್ಕದ್ದು. ಎರಡನೆಯದಾಗಿ, ಮೈಸೂರಿನ ಯಾವುದಾದರೊಂದು ಐ.ಟಿ.ಐ. ತನ್ನ ವಾಹನ ವಿಭಾಗದಲ್ಲಿ ವರ್ಷಕ್ಕೆ ಎರಡು ತಿಂಗಳ ಮಟ್ಟಿಗಾದರೂ ಆ ಕಾರ್ಖಾನೆಯಲ್ಲಿ ದುಡಿದವರನ್ನು ಕರೆದು ಪಾಠ ಹೇಳಿಸಬೇಕು. ಇದನ್ನು ಮೇಸ್ತ್ರಿಗೆ ಹೇಳಿದಾಗ ಅವರು ಕೈಯೊರೆಸಿಕೊಳ್ಳುತ್ತ, “ನನಗೆ ಪಾಠ ಹೇಳೋಕೆ ಬರಲ್ಲ ಮೇಷ್ಟ್ರೆ. ಹುಡುಗರು ಒಂದು ಗಾಡಿ ತಗೊಂಡು ಬರಲಿ, ಬಿಚ್ಚೋಣ” ಎಂದರು. ಅಲ್ಲಿಂದೀಚೆಗೆ ಯೆಜ್ಡಿಯ ವಿಚಾರ ಕೇಳಿಕೊಂಡು ಬರುವ ವಿದ್ಯಾರ್ಥಿಗಳನ್ನು ಮೊದಲು ಅವರ ಶೆಡ್ಡಿಗೆ ಕಳಿಸುತ್ತಿದ್ದೇನೆ. ಈವರೆಗೆ ಏಳು ಮಂದಿ ಹೋದರು. ಇಬ್ಬರು ಗಾಡಿ ಕೊಂಡರು. ಅವರಲ್ಲಿ ಒಬ್ಬ ಮಾತ್ರ ಭಾನುವಾರಗಳಲ್ಲಿ ಇನ್ನೂ ಹೋಗುತ್ತಿದ್ದಾನೆ.